ಸಿರಪ್ಪು, ಗಂದೆ ಮತ್ತು ನಮ್ಮ ಮಗ್ಗದ ಬೀದಿ

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವಳನ್ನು ನಗು ತಾನಾಗೇ ಹುಡುಕಿಕೊಂಡು ಬರುತ್ತದೆ. ಅದನ್ನು ಹೇಳಿಕೊಳ್ಳೋಕೆ ಜನ ಸಿಗೋದಿಲ್ಲ, ಅಷ್ಟೇ ಕಷ್ಟ. ಗಂಡ ಲಾರಿ ಡ್ರೈವರು, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಅತ್ತೆ ಹೊಸಕೋಟೆ ಕಡೆ ಹಳ್ಳಿಯಲ್ಲಿ. ದೊಡ್ಡಬಳ್ಳಾಪುರದ ಬಾಡಿಗೆ ಮನೆಯಲ್ಲಿ ನಾನು, ಮೂರು ವರ್ಷದ ಮಗಳು. ಗೋಡೆಯ ಎರಡೂ ಕಡೆ ಪವರ್‌ಲೂಮ್ ಮಗ್ಗಗಳು. ಆ ಸದ್ದಿನಲ್ಲಿ ಅಕ್ಕಪಕ್ಕದವರ ಜೊತೆ ಎರಡು ವರ್ಷದಿಂದ ಬರೀ ಕೈಸನ್ನೆ. ಊಟ ಆಯ್ತಾ ಅಂತ ಬಾಯಿಗೆ ಕೈ ಹಿಡಿಯೋದು, ಆಯ್ತು ಅಂತ ತಲೆ ಆಡಿಸೋದು.

ಬ್ಯಾಗಿನಲ್ಲಿ ಇಲ್ಲದ ಹಾಳೆ

ಔಷಧಿ ಕಂಪನಿಯ ರೆಪ್ ಒಬ್ಬ ಪ್ರತಿ ಮಂಗಳವಾರ ಬರುತ್ತಾನೆ. ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಅವನಿಗೆ ಕೊಡುವುದು ಒಂದೂವರೆ ನಿಮಿಷ. ಅದಕ್ಕೆ ಮೊದಲು ನನ್ನ ಮುಂದೆ ನಿಂತು ತಾಲೀಮು ಮಾಡುತ್ತಾನೆ. ಒಂದು ದಿನ ಬಣ್ಣದ ಹಾಳೆ ತಿರುಗಿಸುತ್ತಾ, ಮಕ್ಕಳ ಕೆಮ್ಮಿನ ಹೊಸ ಸಿರಪ್ಪಿನ ಬಗ್ಗೆ ಇಂಗ್ಲಿಷಿನಲ್ಲಿ ಪೂರ್ತಿ ನಾಲ್ಕು ನಿಮಿಷ ಮಾತಾಡಿದ. ನನಗೆ ಅರ್ಥವಾಗಿದ್ದು ಕಾಲು ಭಾಗ. ಆದರೂ ತಡೆಯಲಿಲ್ಲ. ಆ ವಾರ ನನ್ನ ಮುಖ ನೋಡಿಕೊಂಡು ಅಷ್ಟು ಹೊತ್ತು ಮಾತಾಡಿದವನು ಅವನೊಬ್ಬನೇ.

"ಏನಾದ್ರೂ ಡೌಟ್ ಇದ್ಯಾ?" ಅಂದ.

"ಇದನ್ನ ಕುಡಿದ್ರೆ ಮಕ್ಕಳಿಗೆ ತೊಂದ್ರೆ ಏನೇನಾಗ್ಬೋದು?"

ಪಾಪ, ಹಾಳೆಗಳನ್ನೆಲ್ಲ ಹಿಂದೆ ಮುಂದೆ ತಿರುವಿದ. "ಆ ಹಾಳೆ ತರಲ್ಲ ಅಕ್ಕ. ಡಾಕ್ಟ್ರಿಗೆ ಕೊಡೋ ಪೆನ್ನು, ಗಡಿಯಾರ ಎಲ್ಲಾ ತುಂಬಿದ್ಮೇಲೆ ಬ್ಯಾಗಲ್ಲಿ ಜಾಗ ಎಲ್ಲಿರತ್ತೆ?"

ಫೇಲಾದ ಮಾತ್ರೆ

ಇನ್ನೊಂದು ಸಲ ಗ್ಯಾಸ್ಟ್ರಿಕ್ ಮಾತ್ರೆಯ ಒಂದು ಬ್ಯಾಚು ಸರ್ಕಾರದ ಪರೀಕ್ಷೆಯಲ್ಲಿ ಪಾಸಾಗಿಲ್ಲ, ವಾಪಸ್ ಕಳಿಸಿ ಅಂತ ಮೆಸೇಜು ಬಂತು. ಕಪಾಟಿನಲ್ಲಿದ್ದದ್ದನ್ನು ಕಟ್ಟಿಟ್ಟೆವು. ಹಿಂದಿನ ದಿನ ಎರಡು ಸ್ಟ್ರಿಪ್ ಒಯ್ದಿದ್ದ ನಲ್ಲೂರಿನ ತಾತನಿಗೆ ನಾನೇ ಫೋನ್ ಮಾಡಿದೆ.

"ತಾತ, ಆ ಮಾತ್ರೆ ತಿನ್ಬೇಡಿ. ಟೆಸ್ಟಲ್ಲಿ ಫೇಲಾಗಿದೆ."

"ನಾನೂ ಮೂರನೇ ಕ್ಲಾಸಲ್ಲಿ ಮೂರು ಸಲ ಫೇಲು ಕಣಮ್ಮ. ಕೆಲಸ ಮಾಡ್ಲಿಲ್ವಾ ನಾನು?"

ಗದರಿಸಿದ ಮೇಲೆ ಮರುದಿನ ಬಸ್ಸು ಹತ್ತಿ ಬಂದು ಒಂದು ಸ್ಟ್ರಿಪ್ ಕೌಂಟರಿನ ಮೇಲಿಟ್ಟ. ಇನ್ನೊಂದೆಲ್ಲಿ ಅಂದೆ.

"ಮನೇಲೇ ಇದೆ. ಸಪ್ಲಿಮೆಂಟರೀಲಿ ಪಾಸಾದ್ರೂ ಆಗ್ಬೋದು ಅಂತ ಇಟ್ಕೊಂಡಿದೀನಿ."

ಮಾರ್ಕ್ಸ್ ಕಾರ್ಡು

ರೆಪ್ ಹೇಳಿದ್ದ ಆ ಕೆಮ್ಮಿನ ಸಿರಪ್ಪನ್ನೇ ಡಾಕ್ಟರು ನನ್ನ ಮಗಳಿಗೂ ಬರೆದರು. ಎರಡನೇ ಚಮಚಕ್ಕೆ ಮೈತುಂಬ ಗಂದೆ ಎದ್ದು ತುಟಿ ಊದಿತು. ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದೆ. ಸಿರಪ್ಪು ನಿಲ್ಲಿಸಿ ಇಂಜೆಕ್ಷನ್ ಕೊಟ್ಟರು, ಇಳಿಯಿತು. ಗಂಡನ ಫೋನು ಸಿಗಲಿಲ್ಲ. ಅತ್ತೆಗೆ ಮಾಡಿದರೆ, "ದೃಷ್ಟಿ ಕಣೇ, ಮೆಣಸಿನಕಾಯಿ ನಿವಾಳಿಸು." ರೆಪ್ಪಿಗೆ ಹೇಳಿದರೆ, "ನಮ್ ಪ್ರಾಡಕ್ಟಿಂದ ಗಂದೆ ಬರಲ್ಲ ಅಕ್ಕ, ಟೊಮೇಟೊ ತಿಂದಿರ್ಬೇಕು."

ಬೆಳಗ್ಗೆ ಅಂಗಡಿಗೆ ಹೋದರೆ ಅದೇ ಬಾಟಲಿಗಳು ಸಾಲಾಗಿ ನಿಂತಿವೆ. ಅವನ್ನು ಬೇರೆ ಮಕ್ಕಳ ತಾಯಂದಿರ ಕೈಗೆ ಕೊಡಬೇಕಾದವಳೂ ನಾನೇ. ನನ್ನ ಮಗಳಿಗೆ ಆಗಿದ್ದನ್ನು ಯಾರಾದರೂ ಒಬ್ಬರು ನಂಬಿ ಬರೆದುಕೊಳ್ಳಲೇಬೇಕಿತ್ತು.

ಔಷಧಿಯಿಂದ ತೊಂದರೆಯಾದರೆ ತಿಳಿಸಿ ಅನ್ನುವ ಸರ್ಕಾರದ ಪೋಸ್ಟರು ನಮ್ಮ ಅಂಗಡಿಯ ಗೋಡೆಯಲ್ಲೇ ಇದೆ. ರೆಪ್ ಕೊಟ್ಟ ಕ್ಯಾಲೆಂಡರಿನ ಹಿಂದೆ. ಕ್ಯಾಲೆಂಡರು ಎತ್ತಿ ನಂಬರು ಬರೆದುಕೊಂಡು ಫಾರಂ ತರಿಸಿಕೊಂಡೆ. ತುಂಬುತ್ತಾ ಕೂತಿದ್ದಾಗ ಓನರು ನೋಡಿದರು.

"ಅದೆಲ್ಲ ಡಾಕ್ಟ್ರುಗಳು ಬರೆಯೋದಮ್ಮ. ಹತ್ತನೇ ಕ್ಲಾಸು ಓದಿರೋಳು ನಿಂಗ್ಯಾಕೆ?"

"ಗಂದೆ ಎದ್ದಿದ್ದು ಮಗು ಮೈಮೇಲೆ ಸರ್, ನನ್ನ ಮಾರ್ಕ್ಸ್ ಕಾರ್ಡ್ ಮೇಲಲ್ಲ."

ಕರೆಂಟು ಹೋದ ಹೊತ್ತು

ಫಾರಂ ಕಳಿಸಿ ಹದಿನೈದು ದಿನ ಕಳೆಯಿತು. ಸಿರಪ್ಪು ಕೊಡುವಾಗೆಲ್ಲ "ಗಂದೆ ಎದ್ರೆ ನಿಲ್ಸಿ ಡಾಕ್ಟ್ರ ಹತ್ರ ಓಡಿ" ಅಂತ ಸೇರಿಸಿ ಕೊಡುತ್ತಿದ್ದೆ, ಓನರ ಮುಖ ಹುಳಿಹುಳಿ. ಫೋನ್ ಹೊಡೆದುಕೊಂಡರೆ ರೀಚಾರ್ಜ್ ಮಾಡಿಸಿ ಅನ್ನುವ ರೆಕಾರ್ಡಿಂಗು. ಅದಕ್ಕೂ ಒಂದೆರಡು ಸಲ ಹೂಂಗುಟ್ಟಿದ್ದೇನೆ.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಆಗ ಮೆಡಿಕಲ್ ಕಾಲೇಜೊಂದರಿಂದ ಫೋನು. ಸರ್ಕಾರದ ಪರವಾಗಿ ಆ ಫಾರಂಗಳನ್ನು ನೋಡುವ ಹುಡುಗಿಯಂತೆ.

"ನಿಮ್ಮ ಮಗು ಈಗ ಹೇಗಿದೆ ಮೇಡಂ?"

ಈ ಮಾತನ್ನು ಕೇಳಿದ ಮೊದಲನೆಯವಳು ಅವಳೇ. ಮಗ್ಗಗಳು ಬೇರೆ ಬಡಿಯುತ್ತಿದ್ದವು, ಫೋನನ್ನು ಸ್ಪೀಕರಿಗೆ ಹಾಕಿಕೊಂಡೆ. ಚೆನ್ನಾಗಿದಾಳೆ ಅಂತ ಕಿರುಚಿದೆ. ಬ್ಯಾಚ್ ನಂಬರು ಕೇಳಿದಳು, ಕಿರುಚಿದೆ. ಎಷ್ಟು ಚಮಚ ಅಂದಳು, ಕಿರುಚಿದೆ.

"ಇನ್ನೇನಾದ್ರೂ ಹೇಳೋದಿದ್ಯಾ ಮೇಡಂ?"

ಒಂಟಿ ಹೆಂಗಸನ್ನು ಇಂಥ ಪ್ರಶ್ನೆ ಕೇಳಬಾರದು. ನಾನು ಉಸಿರೆಳೆದುಕೊಂಡು ಬಾಯಿ ಬಿಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ನನ್ನ ಗಂಟಲೊಂದೇ ಮೊಳಗಿತು:

"ನನ್ನನ್ನ ಯಾರೂ ಏನೂ ಕೇಳೋದೇ ಇಲ್ಲ ಮೇಡಂ! ಎರಡು ವರ್ಷದಿಂದ ಈ ಬೀದೀಲಿ ಒಂದು ನಾಯೀನೂ ಮಾತಾಡ್ಸಿಲ್ಲ!"

ಆ ಕಡೆಯಿಂದ ಹುಡುಗಿ ಮೆಲ್ಲಗೆ ಕೇಳಿದಳು: "ಇದು... ಸಿರಪ್ ಕುಡಿಸೋಕೆ ಮುಂಚೆನೂ ಇತ್ತಾ ಮೇಡಂ?"

"ಇತ್ತು."

"ಹಾಗಾದ್ರೆ ಅದನ್ನ ಸಿರಪ್ ಮೇಲೆ ಹಾಕೋಕಾಗಲ್ಲ. ಗಂದೆ ಬರ್ಕೊಂಡಿದೀನಿ. ಇದೇ ಬ್ಯಾಚಿಗೆ ಇನ್ನೊಬ್ರು ತಾಯೀನೂ ಬರೆದಿದ್ದಾರೆ, ಎರಡನ್ನೂ ಮೇಲಕ್ಕೆ ಕಳಿಸ್ತೀವಿ. ನೀವೊಬ್ರೇ ಅಲ್ಲ ಮೇಡಂ."

ತಿರುಗಿ ನೋಡಿದರೆ ಬಾಗಿಲಲ್ಲಿ ಪಕ್ಕದ ಮನೆಯ ಮಗ್ಗದಜ್ಜಿ. ಅಷ್ಟು ದಿನ ಬರೀ ಕೈಸನ್ನೆಯಲ್ಲಿ ಊಟ ವಿಚಾರಿಸುತ್ತಿದ್ದವರು. ನಾಚಿಕೆಯಿಂದ ನೆಲ ನೋಡಿದೆ. ಅಜ್ಜಿ ಸೆರಗಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದರು.

"ಆಯಮ್ಮ ಲೈನಲ್ಲಿದಾಳಾ? ಈ ಬಿಪಿ ಮಾತ್ರೆ ಶುರು ಮಾಡ್ದಾಗಿಂದ ಕಾಲು ಊದ್ಕೊಳ್ತದೆ ಅಂತ ಬರ್ಸಮ್ಮ."

ಅವರ ಹಿಂದೆ ಎದುರುಮನೆಯವಳು, ತುರಿಸಿಕೊಳ್ಳುತ್ತಾ. ಅವಳ ಹಿಂದೆ ಇನ್ನಿಬ್ಬರು.

ಕರೆಂಟು ಬರುವವರೆಗೆ ಎಲ್ಲರೂ ನನ್ನ ಚಾಪೆಯ ಮೇಲೆ ಕೂತು ಮಾತಾಡಿದರು. ಎರಡು ವರ್ಷಕ್ಕೆ ಮೊದಲ ಸಲ ನನ್ನ ಮನೆಗೆ ನೆಂಟರು ಬಂದಿದ್ದರು. ಒಬ್ಬರೂ ಬರಿಗೈಲಿ ಬಂದಿರಲಿಲ್ಲ, ಒಬ್ಬೊಬ್ಬರೂ ಒಂದೊಂದು ಸೈಡ್ ಎಫೆಕ್ಟ್ ತಂದಿದ್ದರು.