ಓಡಿಸಿದಷ್ಟೂ ಇಳಿದ ಕಿಮ್ಮತ್ತು

ಕೆಲವು ವಸ್ತುಗಳನ್ನು ಬಳಸದೆ ಇಟ್ಟವನೇ ಜಾಣ. ಮದುವೆಯ ಜರಿ ಸೀರೆ, ಬೆಳ್ಳಿಯ ತಟ್ಟೆ, ಬೀಗರು ಬಂದಾಗಷ್ಟೇ ಕಪಾಟಿನಿಂದ ಇಳಿಯುವ ಪಿಂಗಾಣಿ ಕಪ್ಪುಗಳು ಆ ಜಾತಿಗೆ ಸೇರಿದವು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ನನ್ನ ಅಜ್ಜ ತನ್ನ ಜರಿ ರುಮಾಲನ್ನು ಎಷ್ಟು ಜೋಪಾನ ಮಾಡಿದ್ದನೆಂದರೆ, ಕೊನೆಗೆ ಅದರ ಸುಖವನ್ನು ಅವನಿಗಿಂತ ಹೆಚ್ಚಾಗಿ ಪೆಟ್ಟಿಗೆಯ ಹುಳುಗಳೇ ಅನುಭವಿಸಿದವು. ಅಂಥ ವಂಶದಲ್ಲಿ ಹುಟ್ಟಿಯೂ ನನಗೆ ಆ ಬುದ್ಧಿ ಬರಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಹೊಸದರಲ್ಲಿ, ಸೇಡಂನಲ್ಲಿ ವಕೀಲಿ ಮಾಡಿಕೊಂಡಿದ್ದ ನಾನು ಪರದೇಶದ ಸ್ಪೋರ್ಟ್ಸ್ ಕಾರೊಂದನ್ನು ಕೊಂಡೆ. ಕೊಂಡದ್ದಷ್ಟೇ ಅಲ್ಲ, ದಿನಾಲೂ ಓಡಿಸಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬೆಚ್ಚಗಾಗುತ್ತದೆ.

ವಾಡಿಯ ಕಡೆ ಸಿಮೆಂಟ್ ಕಾರ್ಖಾನೆಯ ಯಂತ್ರ ಕೂಡಿಸಲು ಬಂದಿದ್ದ ಬಿಳಿಯ ಇಂಜಿನಿಯರೊಬ್ಬ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ. ಅವನ ಮನೆಬಾಡಿಗೆಯ ತಕರಾರನ್ನು ನಾನು ಬಗೆಹರಿಸಿಕೊಟ್ಟಿದ್ದೆ. ಆ ಸಲುಗೆಯಲ್ಲಿ ಕಾರನ್ನು ಕಡಿಮೆ ಬೆಲೆಗೆ ಕೊಟ್ಟ. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಛಾವಣಿಯಿಲ್ಲ. ಎತ್ತರ ನಮ್ಮ ಎಮ್ಮೆಯ ಹೊಟ್ಟೆಯ ಮಟ್ಟಕ್ಕೆ ಬರುತ್ತಿತ್ತು. ಅವನು ಅದನ್ನು ಬಟ್ಟೆ ಹೊದಿಸಿ ಇಡುತ್ತಿದ್ದ, ಭಾನುವಾರ ಮಾತ್ರ ಸ್ವಲ್ಪ ದೂರ ಹೋಗಿ ಬರುತ್ತಿದ್ದ. ಕೀಲಿಕೈ ಕೊಡುವಾಗ ಅವನು ಹೇಳಿದ ಮಾತು ಸರಳವಾಗಿತ್ತು: ಮುಚ್ಚಿಟ್ಟರೆ ಇದರ ಬೆಲೆ ವರ್ಷ ವರ್ಷ ಏರುತ್ತದೆ, ದಿನಾ ಓಡಿಸಿದರೆ ದಿನಾ ಇಳಿಯುತ್ತದೆ. ನನ್ನ ಹೆಂಡತಿ ಶಾಂತಾಬಾಯಿಗೆ ಇದನ್ನು ತಿಳಿಸಿದಾಗ ಅವಳು ಕೂಡಲೇ ಒಂದು ಹಳೆಯ ಜಮಖಾನೆ ತಂದಳು. "ಮುಚ್ಚಿ ಇಡ್ರಿ. ಹೆಚ್ಚಿನ ಕಿಮ್ಮತ್ತು ಬಂದಾಗ ಮಾರೂಣು," ಎಂದಳು. ಅವಳ ಮಾತು ಕೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಆದರೆ ಯಾರೂ ನೋಡದ ಕೆಂಪು ಕಾರು ಇದ್ದೇನು ಫಲ? ಮರುದಿನವೇ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಕಾರಿನಲ್ಲಿ ಹೊರಟೆ. ಕೋರ್ಟು ನಮ್ಮ ಮನೆಗೆ ಎಷ್ಟು ಹತ್ತಿರವೆಂದರೆ, ಎರಡನೆಯ ಗೇರು ಬೀಳುವಷ್ಟರಲ್ಲಿ ಅದರ ಗೇಟು ಬಂದುಬಿಡುತ್ತಿತ್ತು. ಅದಕ್ಕೆ ಬಸ್‌ಸ್ಟ್ಯಾಂಡು, ಬಜಾರು ಎಲ್ಲ ಸುತ್ತಿ ಬರುತ್ತಿದ್ದೆ. ಕೇಸು ಇರಲಿ ಬಿಡಲಿ, ಚಿತ್ತಾಪುರಕ್ಕೂ ಶಹಾಬಾದಿಗೂ ಹೋಗುತ್ತಿದ್ದೆ. ಕಲ್ಲು ಹೊತ್ತ ಲಾರಿಗಳು ಎಬ್ಬಿಸುವ ಧೂಳೆಲ್ಲ ನೇರ ನನ್ನ ಬಾಯಿಗೇ ಬರುತ್ತಿತ್ತು. ಕರಿಕೋಟು ತೊಟ್ಟು ಹೊರಟವನು ಬಿಳಿಕೋಟಿನಲ್ಲಿ ಇಳಿಯುತ್ತಿದ್ದೆ. ಒಮ್ಮೆ ವಾಡಿಯಲ್ಲಿ ಪರಿಚಿತರ ಮನೆಯ ಮುಂದೆ ಕಾರು ನಿಲ್ಲಿಸಿ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ನೋಡಿದರೆ ಸಿಮೆಂಟಿನ ಧೂಳು ಇಬ್ಬನಿಯಲ್ಲಿ ನೆನೆದು, ಬಾನೆಟ್ಟಿನ ಮೇಲೆ ಗೋಡೆಗೆ ಗಿಲಾವು ಮಾಡಿದಂತೆ ಗಟ್ಟಿಯಾಗಿತ್ತು. ಅದನ್ನು ಉಜ್ಜಿ ತೆಗೆದಾಗ ಕೆಂಪು ಬಣ್ಣವೂ ಜೊತೆಗೇ ಬಂತು. ಮಳಖೇಡದ ಹತ್ತಿರ ಸೈಲೆನ್ಸರು ಕಲ್ಲಿಗೆ ಬಡಿದು ಕಳಚಿ ಬಿತ್ತು. ಅದರ ಜಾಗಕ್ಕೆ ನಮ್ಮೂರಲ್ಲೇ ಕೊಳವೆಯೊಂದನ್ನು ಬೆಸುಗೆ ಹಾಕಿಸಿದೆ. ಅಂದಿನಿಂದ ಕಾರಿನ ದನಿ ಹಿಟ್ಟಿನ ಗಿರಣಿಯ ದನಿಯಾಯಿತು. ಎಡಗಡೆಯ ಸೀಟಿನ ಚರ್ಮವನ್ನು ಪಕ್ಕದ ಮನೆಯ ಆಡು ತಿಂದಿತು. ನಮ್ಮ ಅವ್ವ ಒಮ್ಮೆ ಆ ಸೀಟಿನಲ್ಲಿ ಕೂತು ಬಂಧುಗಳ ಮದುವೆಗೆ ಬಂದಳು. ಇಳಿಯಲಾಗದೆ, ಬೀಗರ ಕಡೆಯ ಗಂಡಸರೆಲ್ಲ ನೋಡುತ್ತಿರುವಾಗ, ಇಬ್ಬರು ಹೆಣ್ಣುಮಕ್ಕಳು ಅವಳನ್ನು ತೋಳು ಹಿಡಿದು ಎಳೆದು ತೆಗೆಯಬೇಕಾಯಿತು. "ಮುಂದಿನ ಸಲ ನಾ ನಡ್ಕೋತ ಬರ್ತೀನೋ ಯಪ್ಪಾ," ಎಂದಳು.

ಇದೆಲ್ಲ ನಾಚಿಕೆಯ ಚಿಲ್ಲರೆ. ನೋಟು ಮುಂದಿದೆ.

ನನ್ನ ತಂಗಿ ಗಂಗಾ ನಮ್ಮ ಜೊತೆಗೇ ಇದ್ದಳು. ಊರಿನ ಶಾಲೆಯಲ್ಲಿ ಟೀಚರು. ಮಾತು ಕಡಿಮೆ, ಆಡಿದ ಮಾತು ಮಾತ್ರ ಗುರಿ ತಪ್ಪುತ್ತಿರಲಿಲ್ಲ. ಅವಳನ್ನು ನೋಡಲು ಚಿಂಚೋಳಿಯಿಂದ ಗಂಡಿನವರು ಬಂದರು. ವಕೀಲರ ಮನೆಯಲ್ಲಿ ಪರದೇಶದ ಕಾರಿದೆ ಎಂಬ ಸುದ್ದಿ ಅವರು ಹೊರಡುವ ಮೊದಲೇ ಅವರೂರು ಮುಟ್ಟಿತ್ತು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಮಾತೆಲ್ಲ ಅವನ ಸೋದರಮಾವನದು. ಆತ ಹಳೆಯ ಲಾರಿಗಳನ್ನು ಕೊಂಡು ಮಾರುವ ವ್ಯಾಪಾರಿ. ಗಂಗಾ ಬಂದು ನಮಸ್ಕಾರ ಮಾಡಿ ಹೋದಳು. ಅವಳು ಒಳಗೆ ಹೋದ ಕೂಡಲೇ ಆತ ಗಂಟಲು ಸರಿಪಡಿಸಿಕೊಂಡು, "ಹುಡುಗಿ ಪಸಂದ್ ಅದಾಳ್ರಿ. ಉಡುಗೊರಿ ಅಂತ ಬ್ಯಾರೆ ಏನೂ ಬ್ಯಾಡ. ಆ ಕಾರು ಹುಡುಗಗ ಕೊಟ್ಟಬಿಡ್ರಿ," ಎಂದ.

ನನಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆಯೇ. "ಬರ್ರಿ, ಮೊದಲ ನೋಡ್ರಿ," ಎಂದು ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. ಮಾವ ಧೋತರವನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಕಾರಿನ ಕೆಳಗೆ ಬಗ್ಗಿ ನೋಡಿದ. ಬಾನೆಟ್ಟಿನ ಮೇಲೆ ಬೆರಳಿನಿಂದ ಬಡಿದ. ಆಡು ತಿಂದ ಸೀಟಿನ ಮೇಲೆ ಕೈಯಾಡಿಸಿದ. ಆಮೇಲೆ ಎದ್ದು ನಿಂತು ಕೇಳಿದ:

"ವಕೀಲ್ರೇ, ಇದನ್ನ ದಿನಾ ಓಡಸ್ತೀರೇನ್ರಿ?"

"ದಿನಾ ಓಡಸ್ತೀನ್ರಿ," ಎಂದೆ, ಬಹುಮಾನ ಬರುವವನ ಹಾಗೆ.

"ಹಂಗಾರ ಇದು ಮುಗದದ. ಇದರ ಸಾಮಾನು ಇಲ್ಲಿ ಸಿಗಂಗಿಲ್ಲ, ಮಾರಿದ್ರ ಯಾರೂ ತಗೊಳ್ಳಂಗಿಲ್ಲ. ಕಾರು ಬ್ಯಾಡ್ರಿ. ಇದರ ಬದ್ಲಿ ಒಂದು ಸ್ಕೂಟರ್ ಕೊಡಸ್ರಿ, ಸಾಕು."

ಬುದ್ಧಿ ಇದ್ದವನು ಏನು ಮಾಡುತ್ತಿದ್ದ? ತಂಗಿಯನ್ನು ತಕ್ಕಡಿಯಲ್ಲಿಟ್ಟು ತೂಗುವವರಿಗೆ ಕೈಮುಗಿದು ಬಸ್‌ಸ್ಟ್ಯಾಂಡಿನ ದಾರಿ ತೋರಿಸುತ್ತಿದ್ದ. ನನಗೆ ಸಿಟ್ಟು ಬಂದದ್ದೇನೋ ನಿಜ, ಆದರೆ ನನ್ನ ಕಾರನ್ನು ಸ್ಕೂಟರಿಗೆ ಸಮ ಮಾಡಿದರಲ್ಲ ಎಂದು ಬಂತು. ಕೋರ್ಟಿನಲ್ಲಿ ಯಾವ ಕಕ್ಷಿದಾರನ ಪರವಾಗಿಯೂ ನಾನು ಅಷ್ಟು ಚೆನ್ನಾಗಿ ವಾದ ಮಾಡಿರಲಿಲ್ಲ. ಅದರ ದೇಶ, ಅದರ ವೇಗ, ಹೈದರಾಬಾದಿನಲ್ಲಿ ನವಾಬರ ಮನೆಯವರು ಅದನ್ನು ತಿರುಗಿ ನೋಡಿದ್ದು, ಎಲ್ಲ ಹೇಳಿದೆ. "ಇಂಥಾದ್ದು ನೀವು ಹುಡುಕಿದ್ರೂ ಇನ್ನೊಂದು ಸಿಗಂಗಿಲ್ಲ. ಇದರ ಬೆಲಿ ತಿಳ್ಕೊಳ್ಳಾಕ ಯೋಗ್ಯತಾ ಬೇಕು," ಎಂದು ಮುಗಿಸಿ ತಿರುಗಿದರೆ, ಬಾಗಿಲಲ್ಲಿ ಗಂಗಾ ಚಹಾದ ತಾಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಚಹಾದ ಮೇಲೆ ಕೆನೆಗಟ್ಟಿತ್ತು. ಅವಳು ಮೆಲ್ಲಗೆ ಬಂದು ತಾಟನ್ನು ಬಾನೆಟ್ಟಿನ ಮೇಲಿಟ್ಟು, "ಚಾ ತಗೋರಿ," ಎಂದು ಹೇಳಿ ಒಳಗೆ ಹೋದಳು.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅವಳು ಕೇಳಿದಳು: "ಅಣ್ಣಾ, ನನ್ನ ಬಗ್ಗಿ ಏನಂದ್ರು?"

"ಪಸಂದ್ ಅದಾಳ ಅಂದ್ರವ್ವ."

"ನೀ ಏನಂದಿ?"

ನೆನಪು ಮಾಡಿಕೊಂಡೆ. ಅವಳು ಚೆನ್ನಾಗಿ ಓದಿದ್ದು, ಅಪ್ಪ ತೀರಿದ ಮೇಲೆ ಮನೆಯನ್ನು ಹಿಡಿದು ನಿಂತದ್ದು, ಅವಳ ಶಾಲೆಯ ಮಕ್ಕಳು ರಜೆಯಲ್ಲೂ ಅವಳನ್ನು ಹುಡುಕಿಕೊಂಡು ಬರುವುದು, ಇದರಲ್ಲಿ ಒಂದನ್ನೂ ನಾನು ಆ ಅಂಗಳದಲ್ಲಿ ಹೇಳಿರಲಿಲ್ಲ.

"ಕಾರಿನ್ಯಾಗ ಐಬು ತೆಗದ್ರ ನಿನಗ ಸಿಟ್ಟು ಬಂತು. ನನ್ನ ಜೋಡಿ ಸ್ಕೂಟರ್ ಕೇಳಿದ್ರ ಬರ್ಲಿಲ್ಲ," ಎಂದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. "ನಾ ಆ ಮನಿಗಿ ಹೋಗಂಗಿಲ್ಲ. ಅವರಿಗಿ ನೀನಾ ತಿಳಸು."

ಶಾಂತಾಬಾಯಿ ಅಡಿಗೆಮನೆಯಿಂದ ಎಲ್ಲ ಕೇಳಿದ್ದಳು. ಅಂದು ನನಗೆ ಬಡಿಸುವಾಗ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದೆನೇನೋ. ಗಂಗಾ ಮುಂದೆ ತನ್ನ ಶಾಲೆಯ ಮಾಸ್ತರರೊಬ್ಬರನ್ನೇ ಮೆಚ್ಚಿ ಮದುವೆಯಾದಳು. ಅವರು ಏನನ್ನೂ ಕೇಳಲಿಲ್ಲ. ಕಾರಿನಲ್ಲಿ ಒಂದು ಸುತ್ತು ಬರೋಣವೆಂದು ನಾನು ಕರೆದರೆ, "ನನಗ ನಡ್ಯೂದು ರೂಢಿ ಅದರಿ," ಎಂದು ನಕ್ಕರು.

ಕಾರನ್ನು ಮಾರಬೇಕೆಂದು ನಿಶ್ಚಯಿಸಿದೆ. ಆಗ ತಿಳಿಯಿತು, ಲಾರಿ ವ್ಯಾಪಾರಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಶಹಾಬಾದಿನ ಕಲ್ಲುಗಣಿಯ ಸಾಹುಕಾರರೊಬ್ಬರು ಬಂದು ನೋಡಿ, ನಮ್ಮ ಮನೆಯ ಚಹಾ ಚೆನ್ನಾಗಿದೆ ಎಂದು ಹೊಗಳಿ ಹೋದರು. ಅಷ್ಟರಲ್ಲಿ ಗೇರಿನ ಪೆಟ್ಟಿಗೆಯೂ ಮುರಿಯಿತು. ಕೊನೆಗೆ ದಂಡೋತಿಯ ರೈತ ಭೀಮಣ್ಣ ಬಂದ. ಕಾಗಿಣಾ ನದಿಯ ದಂಡೆಯಲ್ಲಿ ಅವನ ಹೊಲ. ಕಾರಿನ ದೇಶ, ವೇಗ, ನವಾಬರ ಸುದ್ದಿ ಯಾವುದನ್ನೂ ಅವನು ಕೇಳಲಿಲ್ಲ. "ಇದರ ಇಂಜಿನ್ ನೀರು ಎತ್ತತದೇನ್ರಿ?" ಎಂದ. ಎತ್ತುತ್ತದೆ ಎಂದೆ. ಹಳೆಯ ಪಂಪಿಗೆ ಕೊಡುವ ಬೆಲೆ ಕೊಟ್ಟ.

ಒಯ್ಯಲು ಅವನು ತಂದದ್ದು ಒಂದು ಜೋಡಿ ಎತ್ತು. ಕಾರಿನ ಮೂಗಿಗೆ ಹಗ್ಗ ಕಟ್ಟಿದ. "ವಕೀಲ್ ಸಾಬ್ರೇ, ಊರು ದಾಟೂತನಾ ನೀವಾ ಸ್ಟೇರಿಂಗ್ ಹಿಡ್ದು ಕುಂದ್ರಿ. ನನಗ ಎತ್ತು ತಿರುಗ್ಸಾಕ ಬರ್ತದ, ಇದು ಬರಂಗಿಲ್ಲ," ಎಂದ. ಬೇರೆ ಯಾರಿಗೂ ಬರುತ್ತಿರಲಿಲ್ಲ. ಕೂತೆ. ಎತ್ತುಗಳು ತಮ್ಮ ನಡಿಗೆಯಲ್ಲಿ ಹೊರಟವು. ಬಜಾರಿನ ಅಂಗಡಿಯವರು ಎದ್ದು ನಿಂತು ನೋಡಿದರು. ಕೋರ್ಟಿನ ಕಟ್ಟೆಯ ಮೇಲೆ ವಕೀಲರೆಲ್ಲ ಸಾಲಾಗಿ ನಿಂತಿದ್ದರು, ಯಾರೂ ನಗಲಿಲ್ಲ. ಅವರು ನಕ್ಕಿದ್ದರೇ ವಾಸಿಯಿತ್ತು. ಭೂಮಿ ಬಾಯಿ ಬಿಟ್ಟರೆ ಸಾಕೆಂದು ತಲೆ ತಗ್ಗಿಸಿ ಕೂತಿದ್ದೆ. ಆದರೂ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಹತ್ತಾರು ಜನ ಬಸ್ಸಿನ ದಾರಿ ನೋಡುತ್ತ ನಿಂತದ್ದು ಕಂಡಾಗ, ನನ್ನ ಕೈ ತಾನಾಗಿಯೇ ಹೋಗಿ ಹಾರ್ನು ಒತ್ತಿತು. ಎತ್ತುಗಳು ಮಾತ್ರ ತಿರುಗಿ ನೋಡಿದವು.