ರಾಚಪ್ಪ ಸಾಹುಕಾರರು ಘಟ್ಟ ಇಳಿದದ್ದು

ಎಲೆ ವಾಗ್ದೇವಿಯೇ, ಗಟ್ಟಿ ಎದೆಯವರೂ ಹಣೆಯ ಬೆವರೊರೆಸಿಕೊಳ್ಳುವ ಈ ಸಾಹಸವನ್ನು ನನ್ನ ನಾಲಗೆಯಿಂದ ನುಡಿಸು. ಡಾಂಬರೆಂಬ ಕೃಷ್ಣಸರ್ಪವು ಪರ್ವತಗಳ ಕೊರಳನ್ನು ಸುತ್ತಿದ ಕಲಿಯುಗದಲ್ಲಿ, ಇಟ್ಟ ತೆಂಗಿನಕಾಯಿಯೂ ಉರುಳದಷ್ಟು ಸಮತಟ್ಟಾದ ಸಿಂದಗಿ ಸೀಮೆಯಲ್ಲಿ, ಅರಿವೆಯಂಗಡಿಯ ಗಾದಿಪೀಠಾಧೀಶ್ವರನೂ, ಶ್ವೇತವರ್ಣ-ಚತುಶ್ಚಕ್ರ-ಶಕಟನಾಯಕನೂ, ಮಾಳಿಗೆಯ ಏಣಿಯನ್ನು ಕಂಡರೆ ಮಾತ್ರ ಕಾಲು ನಡುಗುವವನೂ ಆದ ರಾಚಪ್ಪನೆಂಬ ಮಹಾರಥಿಯಿದ್ದನು.

ಆತನ ಪಟ್ಟಮಹಿಷಿ ನೀಲಮ್ಮ. ಆಕೆಯ ಅಕ್ಕ ಗುರಮ್ಮನನ್ನು ಘಟ್ಟದ ಕೆಳಗಿನ ಹೆಬ್ರಿಗೆ ಕೊಟ್ಟಿತ್ತು. ಮಂಡಿನೋವಿನ ಗುರಮ್ಮ ಘಟ್ಟ ಹತ್ತಿ ಬರಲಾರಳು. ಆಗುಂಬೆಯ ಹದಿನಾಲ್ಕು ತಿರುವುಗಳ ವಾರ್ತೆ ಕೇಳಿದ ರಾಚಪ್ಪ ಇಳಿಯಲೊಲ್ಲನು. ಒಂದು ವರ್ಷ ಮಳೆಯೆಂದನು, ಒಂದು ವರ್ಷ ಟೈರೆಂದನು, ಇನ್ನೊಂದು ವರ್ಷ ಗುರುಬಲವಿಲ್ಲವೆಂದನು. "ಬಸ್ಸಿಗೆ ನಾನೊಬ್ಬಾಕಿನ ಹೋಗಿ ಬರ್ತೀನಿ" ಎಂದು ನೀಲಮ್ಮ ಅಂದರೆ, "ಮನಿಯಾಗ ಕಾರಿದ್ದು ಸಾಹುಕಾರನ ಹೇಣ್ತಿ ಬಸ್ ಹತ್ತಿದಳಂದ್ರ ಮಂದಿ ಏನಂದಾರು" ಎಂದು ತಡೆದನು. ಹೀಗೆ ಹನ್ನೊಂದು ಸಂವತ್ಸರಗಳು ಸಂದವು. ಹನ್ನೆರಡನೆಯ ವರ್ಷದ ಮಾಘಮಾಸದಲ್ಲಿ ನೀಲಮ್ಮ ಏನೂ ಕೇಳಲಿಲ್ಲ. ನಾಲ್ಕು ಸೀರೆ ಚೀಲಕ್ಕೆ ತುಂಬಿ ಬಸ್ ನಿಲ್ದಾಣದ ಕಡೆ ನಡೆದಳು. ವೀರನು ಕಾರು ತೆಗೆದನು.

ಮರುದಿನ ಆಗುಂಬೆಯ ತುದಿಯಲ್ಲಿ ನಿಂತು, ಪಶ್ಚಿಮದ ಪಾತಾಳವನ್ನು ಓರೆಗಣ್ಣಿನಿಂದ ನಿರುಕಿಸಿ, ಆತನು ಗರ್ಜಿಸಿದನು: "ಗುಡ್ಡ ಅಂದ್ರೇನು ನೀಲಾ, ಮಣ್ಣಿನ ದಿಬ್ಬ. ಈ ಕೈ ಸೊಲ್ಲಾಪುರದ ಸಂತಿಯೊಳಗ ಕಾರು ಹೊಡದೈತಿ. ಇದಕ್ಕ ಅಂಜೂ ಮಗ ನಾನಲ್ಲ."

"ಗಾಡಿ ಬಿಡ್ರಿ" ಎಂದಳು ನೀಲಮ್ಮ.

ಮೊದಲ ತಿರುವಿನಲ್ಲೇ ಗರ್ಜನೆ ನಿಂತಿತು. ಮೊದಲ ಗೇರಿನಲ್ಲಿ ಪಿಪೀಲಿಕಾಗತಿಯಿಂದ ರಥ ಸಾಗಿತು. ಅದರ ಹಿಂದೆ ಜೀಪು, ಬೈಕು, ಕೋಳಿ ತುಂಬಿದ ಟೆಂಪೋಗಳ ಚತುರಂಗಸೇನೆ ಜಮಾಯಿಸಿ ಹಾರ್ನುಗಳ ಶಂಖನಾದ ಮಾಡಿತು. ಕಟ್ಟೆಯ ಮೇಲಿನ ಕೋತಿಯೊಂದು ಕಾರಿನ ಪಕ್ಕದಲ್ಲೇ ನಡೆದು ಬಂದು, ಬೇಸರಗೊಂಡು ಮುಂದೆ ಹೋಯಿತು.

ಏಳನೆಯ ತಿರುವಿನಲ್ಲಿ, ಅಯ್ಯೋ ವಿಧಿಯೇ, ಘೋರಘರ್ಘರನಾದದ ಮಿನಿ ಬಸ್ಸೊಂದು ಎದುರಾಗಿ ನಿಂತಿತು. ರಾಚಪ್ಪ ಬ್ರೇಕು ತುಳಿದನು. ಎಂಜಿನ್ ಆರಿತು.

"ಎಂತ ಮಾರಾಯ್ರೆ, ಹತ್ತುವ ಗಾಡಿಗೆ ದಾರಿ ಬಿಡ್ಬೇಕಲ್ವಾ? ಸ್ವಲ್ಪ ಹಿಂದೆ ತಗೊಳ್ಳಿ" ಎಂದ ಬಸ್ಸಿನ ಚಾಲಕ.

ಶಕಟನಾಯಕನು ಅಲುಗಲಿಲ್ಲ. ಸಣ್ಣ ದನಿಯಲ್ಲಿ, "ನೀಲಾ, ಬ್ರೇಕಿನ ಮ್ಯಾಲಿನ ಕಾಲು ಎತ್ತಾಕ ಆಗವಲ್ದು. ನನಗ ಅಂಜಿಕಿ ಆಗೈತಿ" ಎಂದನು.

ಇದೇ ಮಾತನ್ನು ಮೊದಲ ವರ್ಷವೇ ಅಂದಿದ್ದರೆ ಆಕೆ ಬಸ್ಸಿಗೆ ಹೋಗಿ ಬರುತ್ತಿದ್ದಳು. ಅದನ್ನು ಆಡದೆ ನೀಲಮ್ಮ ಕೆಳಗಿಳಿದಳು. ಸೆರಗು ಸಿಕ್ಕಿಸಿ, ಹಿಂದಿನ ಸೇನೆಯನ್ನು ಕೈಸನ್ನೆಯಿಂದಲೇ ಹಿಮ್ಮೆಟ್ಟಿಸಿ, ಎರಡು ಕಲ್ಲು ಹೊತ್ತು ತಂದು ಮುಂದಿನ ಗಾಲಿಗಳಿಗೆ ಕೊಟ್ಟಳು. ಕಿಟಕಿಯ ಬಳಿ ಬಾಗಿ ಹೇಳಿದಳು: "ಕಲ್ಲಿಟ್ಟೀನಿ, ಮುಂದ ಉರುಳಂಗಿಲ್ಲ. ಕೆಳಗ ನೋಡಬ್ಯಾಡ್ರಿ, ನನ್ನ ಮಾರಿ ನೋಡ್ರಿ. ಗಾಡಿ ಚಾಲೂ ಮಾಡ್ರಿ. ಹಾಂ, ಹಿಂದಕ ಬರ್ಲಿ. ಇನ್ನೊಂದು ಗೇಣು."

ಆಕೆಯ ಮೋರೆಯನ್ನೇ ದಿಟ್ಟಿಸುತ್ತ ಮಹಾರಥಿಯು ಮೂರು ಮೊಳ ಹಿಂದೆ ಸರಿದನು. ಬಸ್ಸು ದಾಟಿತು. ನೀಲಮ್ಮ ಕಲ್ಲು ಸರಿಸಿ ಕಾರು ಹತ್ತಿದಳು. ಉಳಿದ ಏಳು ತಿರುವುಗಳಲ್ಲಿ ಆಕೆ "ಎಡಕ್ಕ", "ಬಲಕ್ಕ" ಎಂದಂತೆ ಆತನು ತಿರುಗಿಸಿದನು.

ಸೋಮೇಶ್ವರದ ಸಮತಟ್ಟು ಸಿಕ್ಕಿದ್ದೇ ತಡ, ಕುಗ್ಗಿದ ಪೌರುಷವು ಮತ್ತೆ ಉಬ್ಬಿತು. ಹೆಬ್ರಿ ಮುಟ್ಟುವಷ್ಟರಲ್ಲಿ ದಿಗ್ವಿಜಯದ ಭಾಷಣ ಸಿದ್ಧವಾಗಿತ್ತು.

ಬಾಗಿಲಲ್ಲಿ ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಗುರಮ್ಮ ತಂಗಿಯ ನರೆತ ಕೂದಲನ್ನು ಮುಟ್ಟಿ ಮುಟ್ಟಿ ನೋಡಿದಳು.

"ಅಕ್ಕಾರ, ಆ ಘಟ್ಟ ಅಂದ್ರ..." ಎಂದು ರಾಚಪ್ಪ ಗಂಟಲು ಸರಿಮಾಡಿಕೊಂಡನು.

"ಇಳಿಯಾಕ ಎಷ್ಟೊತ್ತು ಹಿಡೀತವ್ವಾ?" ಗುರಮ್ಮ ತಂಗಿಯನ್ನು ಕೇಳಿದಳು.

"ಮುಕ್ಕಾಲು ತಾಸು."

"ಬರೇ ಇಷ್ಟನ?" ಎಂದಳು ಗುರಮ್ಮ.

ಘಟ್ಟವಿಜೇತನೂ ಪಾತಾಳಮರ್ದನನೂ ಆದ ರಾಚಪ್ಪ ಕಾರಿನ ಬಳಿಗೆ ಹೋಗಿ, ಹೆಂಡತಿಯ ಚೀಲ ಇಳಿಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಬಂದನು.