ಸೆಲ್ವರಾಜನ ಶನಿವಾರದ ಜಾಗ

ಹಲಸೂರಿನಲ್ಲಿದ್ದು, ಮೂವತ್ತು ವರ್ಷದ ಹಿಂದೆ ಹೇಳದೆ ಕೇಳದೆ ಮಾಯವಾದ ಪಬ್ಬೊಂದರ ಇತಿಹಾಸ ಸಂಶೋಧಿಸಲು ನನಗಿಂತ ಯೋಗ್ಯರಿಲ್ಲ ಎಂದು ನಂಬಿದ್ದೆ. ಪ್ರತಿ ಶನಿವಾರ ಸಂಜೆ ನಾನೂ ಮರ್ಫಿ ಟೌನಿನ ಗೆಳೆಯ ಸೆಲ್ವರಾಜನೂ ಅಲ್ಲಿ ಕೂತವರು. ಸೆಲ್ವ ತೀರಿಕೊಂಡು ವರ್ಷವಾಯಿತು. "ಅಂಕಲ್, ಅಪ್ಪ ಕೂತ್ಕೊತಿದ್ದ ಜಾಗ ಒಂದ್ಸಲ ತೋರಿಸ್ತೀರಾ?" ಎಂದು ಅವನ ಮಗಳು ಸ್ಟೆಲ್ಲಾ ಕೇಳಿದಾಗ, "ಕಣ್ಣು ಕಟ್ಟಿದ್ರೂ ತೋರಿಸ್ತೀನಮ್ಮ" ಎಂದುಬಿಟ್ಟೆ.

ಕಣ್ಣು ತೆರೆದುಕೊಂಡೇ ಮೂರು ವಾರ ಹುಡುಕಿದೆ. ನೆನಪಿದ್ದದ್ದು ಖಾರದ ಕಡಲೆಬೀಜ, ಬೆತ್ತದ ಕುರ್ಚಿ, ಹೊರಬಂದಾಗ ಇದ್ದಕ್ಕಿದ್ದಂತೆ ಅಗಲವಾಗಿರುತ್ತಿದ್ದ ರಸ್ತೆ. ಕಡೆಗೆ ಒಂದು ಹಲ್ಲಿನ ಕ್ಲಿನಿಕ್ಕನ್ನೇ ಸದರಿ ಪಬ್ಬಿದ್ದ ಸ್ಥಳವೆಂದು ಘೋಷಿಸಿದೆ. ಆಧಾರ, ಅದರ ಮೆಟ್ಟಿಲು. ಎಡವಿದ ಮೆಟ್ಟಿಲನ್ನು ಮರೆಯುವವನಲ್ಲ ನಾನು.

ಭಾನುವಾರ ಸ್ಟೆಲ್ಲಾ ಹೂವಿನ ಹಾರ ತಂದಳು. ನನ್ನ ಹೆಂಡತಿ ಸರೋಜಾಳೂ ಜೊತೆಗೆ ಬಂದಳು.

"ಇಲ್ಲೇ ನೋಡಮ್ಮ. ಎರಡನೇ ಗ್ಲಾಸಿಗೇ ನಿಮ್ಮಪ್ಪನ ಕಾಲು ಸೋಲೋದು. ನಾನೇ ಕೈ ಹಿಡಿದು ರಸ್ತೆ ದಾಟಿಸ್ತಿದ್ದೆ."

ಸ್ಟೆಲ್ಲಾಳ ಕಣ್ಣು ತುಂಬಿತು. ಎದುರಂಗಡಿಯ ಮುದುಕ ಟೈಲರ್ ತಲೆಯೆತ್ತಿದರು. "ಯಜಮಾನ್ರೇ, ಆಗ ಅಲ್ಲಿ ಇದ್ದದ್ದು ಸೀಮೆಎಣ್ಣೆ ಡಿಪೋ."

"ಸರಿಯಾಗಿ ಜ್ಞಾಪಿಸ್ಕೊಳ್ಳಿ ಸಾಹೇಬ್ರೇ."

"ಕ್ಯಾನ್ ಹಿಡ್ಕೊಂಡು ಕ್ಯೂನಲ್ಲಿ ನಿಂತವನು ನಾನು, ಸಾರ್."

ಹಾರ ಹಿಡಿದ ಸ್ಟೆಲ್ಲಾ ನನ್ನ ಮುಖ ನೋಡಿದಳು. ನಾನು ಮೆಟ್ಟಿಲು ನೋಡಿದೆ.

"ಬಾಮ್ಮ, ಹಿಂದಿನ ಬೀದಿ" ಎಂದು ಸರೋಜಾ ಮುಂದೆ ನಡೆದಳು. ಮೊಬೈಲ್ ಅಂಗಡಿಯೊಂದರ ಎದುರು, ರಸ್ತೆಯ ಈಚೆಗಿದ್ದ ಹೊಂಗೆಮರದ ಕೆಳಗೆ ನಿಂತು, "ಪಬ್ಬಿದ್ದದ್ದು ಅಲ್ಲಿ" ಎಂದು ಆ ಅಂಗಡಿಯತ್ತ ಕೈ ತೋರಿಸಿದಳು.

"ನಿನಗೆ ಹೇಗೆ ಗೊತ್ತು?"

"ಶನಿವಾರ ಶನಿವಾರ ಇಲ್ಲೇ ನಿಂತಿರ್ತಿದ್ದೆ, ರೀ." ಆಮೇಲೆ ಸ್ಟೆಲ್ಲಾಳಿಗೆ ಹೇಳಿದಳು: "ಇವರನ್ನ ರಸ್ತೆ ದಾಟಿಸಿ ಬಸ್ ಹತ್ತಿಸಿ ಅಣ್ಣಾ ಅಂತ ನಿಮ್ಮಪ್ಪನ್ನ ಒಂದೇ ಒಂದ್ಸಲ ಕೇಳ್ಕೊಂಡಿದ್ದೆ. ಒಂದು ವಾರನೂ ತಪ್ಪಿಸ್ಲಿಲ್ಲ. ಹತ್ತಿಸಿಬಿಟ್ಟು ನನ್ನ ಕಡೆ ತಿರುಗಿ ತಲೆ ಆಡಿಸೋರು. ನಾನು ಆಟೋ ಹಿಡಿದು ಇವರಿಗಿಂತ ಮುಂಚೆ ಮನೆ ಸೇರ್ಕೊತಿದ್ದೆ."

ನಾನು ಸೋಂಪು ಅಗಿಯುತ್ತಾ ಮನೆಗೆ ಬಂದರೆ ಹುರುಳಿಕಾಯಿ ಹೆಚ್ಚುತ್ತಾ ಕೂತಿರುತ್ತಿದ್ದಳು. "ಆಫೀಸ್ ಮೀಟಿಂಗ್ ಮುಗೀತೇನ್ರೀ?" ಎನ್ನುತ್ತಿದ್ದಳು. ವಿಪರೀತ ಕೆಲಸ ಎಂದು ನಾನು ನಿಟ್ಟುಸಿರು ಬಿಡುತ್ತಿದ್ದೆ. ಸೆಲ್ವನೂ ಸಾಯುವವರೆಗೆ ಈ ಬಗ್ಗೆ ನನ್ನ ಹತ್ತಿರ ಬಾಯಿ ಬಿಡಲಿಲ್ಲ.

ಸ್ಟೆಲ್ಲಾ ಹಾರವನ್ನು ಮರದ ಬುಡದಲ್ಲಿಟ್ಟಳು. ಅವನ ಕುರ್ಚಿಯಿದ್ದ ಕಡೆಯನ್ನಾದರೂ ಹತ್ತಿರದಿಂದ ನೋಡೋಣವೆಂದು ನಾನು ರಸ್ತೆ ದಾಟಲು ಹೊರಟೆ. ಯಾವ ವಾಹನವೂ ನಿಲ್ಲಲಿಲ್ಲ. ಹಳೆಯ ಅಭ್ಯಾಸಕ್ಕೆ ಬಲಗೈ ತಾನಾಗಿ ಪಕ್ಕಕ್ಕೆ ಚಾಚಿಕೊಂಡಿತು. ಸ್ವಲ್ಪ ಹೊತ್ತು ಅದು ಹಾಗೇ ಖಾಲಿ ಇತ್ತು.

ಸ್ಟೆಲ್ಲಾ ಬಂದು ಹಿಡಿದುಕೊಂಡಳು. "ನಿಧಾನ ಅಂಕಲ್, ನಾನು ದಾಟಿಸ್ತೀನಿ."

ದಾಖಲೆಗಾಗಿ ಹೇಳುತ್ತೇನೆ, ಅಂದು ನಾನು ಕುಡಿದಿದ್ದದ್ದು ಬರೀ ಕಾಫಿ.